ಚಿಪ್ ವಿನ್ಯಾಸದ ಕಾಲವಿಶ್ಲೇಷಣೆಯಲ್ಲಿ ಗಣನೆ ಮತ್ತು ಅನುಮಾನ: ಒಂದು ವಿಮರ್ಶೆ

ಕಳೆದ ಹತ್ತು ಹನ್ನೆರಡು ವರ್ಷಗಳಿಂದೀಚೆಗೆ ಚಿಪ್ ವಿನ್ಯಾಸಶಾಸ್ತ್ರದಲ್ಲಿ ಒಂದು ಹೊಸ ಬಗೆಯ ಪ್ರಬಂಧಗಳು ಹೇರಳವಾಗಿ ಪ್ರಕಟವಾಗುತ್ತಿವೆ. ಚಿಪ್ಪೊಂದು ನಿಗದಿಪಡಿಸಿದ ವೇಗದಲ್ಲಿ ಕೆಲಸ ಮಾಡಬಲ್ಲುದೆ ಇಲ್ಲವೆ ಎಂಬುದನ್ನು ಲೆಕ್ಕಹಾಕಿ ತಿಳಿಯುವುದಕ್ಕೆ ಬದಲಾಗಿ, ಹಿಂದೆ ಲೆಕ್ಕಹಾಕಿದ ಚಿಪ್ಪುಗಳ ಉದಾಹರಣೆಗಳಿಂದ ಪಾಠ ಕಲಿತ ಯಂತ್ರದ ಬಾಯಿಂದ ಅದನ್ನು ಮೊದಲೇ ಹೇಳಿಸುವುದು ಈ ಪ್ರಬಂಧಗಳ ಸಾಮಾನ್ಯ ವಿಷಯ. ಇದಕ್ಕೆ ಯಂತ್ರಕಲಿಕೆ ಎಂಬ ಹೆಸರು ಈಗ ಕನ್ನಡದಲ್ಲಿಯೂ ರೂಢಿಯಾಗಿದೆ. ಅವುಗಳನ್ನೆಲ್ಲ ಸಮೀಕ್ಷಿಸುವುದು ನಮ್ಮ ಉದ್ದೇಶವಲ್ಲ. 2022ರ ಡಿಸೈನ್ ಆಟೊಮೇಷನ್ ಕಾನ್ಫರೆನ್ಸಿನಲ್ಲಿ ಜಿಜೆಂಗ್ ಗುವೋ, ಯಿಬೋ ಲಿನ್, ಡೇವಿಡ್ ಪ್ಯಾನ್ ಮತ್ತು ಅವರ ಸಂಗಡಿಗರು ಮಂಡಿಸಿದ ಒಂದು ಪ್ರಬಂಧವನ್ನು ಮುಂದಿಟ್ಟುಕೊಂಡು, ಇಂಥ ಕೃತಿಗಳನ್ನು ಯಾವ ಅಳತೆಗೋಲಿನಿಂದ ಅಳೆಯತಕ್ಕದ್ದು ಎಂಬುದನ್ನು ವಿಚಾರಿಸುವುದಷ್ಟೇ ಇಲ್ಲಿ ಉದ್ದಿಷ್ಟವಾಗಿದೆ.

ಈ ಪ್ರಬಂಧವನ್ನೇ ಆರಿಸಿಕೊಂಡುದಕ್ಕೆ ಕಾರಣವುಂಟು. ಅದು ಬಳಸಿದ ವಿನ್ಯಾಸಗಳು, ಕೋಶಗಳ ಲೈಬ್ರರಿ, ಲೆಕ್ಕಹಾಕಿದ ಉಪಕರಣಗಳು, ಕಲಿತ ಯಂತ್ರದ ಕ್ರಮಲೇಖ, ಎಲ್ಲವೂ ಬಹಿರಂಗವಾಗಿವೆ. ಬಯಲಿನಲ್ಲಿ ನಿಂತವನ ಮೇಲೆಯೇ ಟೀಕೆಯ ಮಳೆ ಸುರಿಸುವುದು ನ್ಯಾಯವೆ ಎಂದು ವಾಚಕರು ಕೇಳಬಹುದು. ಆ ಕೇಳಿಕೆ ಯುಕ್ತವಾದುದೇ. ಆದರೆ ಬಾಗಿಲು ಮುಚ್ಚಿಕೊಂಡು ಒಳಗೆ ನಡೆಸಿದ ಕಾರ್ಯವನ್ನು ಹೊಗಳಬಹುದು ಅಥವಾ ಶಂಕಿಸಬಹುದೇ ಹೊರತು ವಿಮರ್ಶಿಸಲು ಬಾರದು. ಕೆಳಗೆ ನಾವು ಎತ್ತುವ ಆಕ್ಷೇಪಣೆಗಳೆಲ್ಲವೂ ಗ್ರಂಥಕರ್ತರ ಔದಾರ್ಯದಿಂದಲೇ ಸಾಧ್ಯವಾದುವೆಂಬುದನ್ನು ಮೊದಲೇ ಒಪ್ಪಿಕೊಳ್ಳುತ್ತೇವೆ.

ಚಿಪ್ಪಿನ ಮಾತು ಬೆಂಗಳೂರಿನವರಿಗೆ ಸೇರಿದ್ದು, ಘಟಪ್ರಭೆಯ ದಂಡೆಯಲ್ಲಿರುವವರಿಗೆ ಅದರ ಗೊಡವೆಯೇಕೆ ಎಂಬುದು ಇನ್ನೊಂದು ಪ್ರಶ್ನೆ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆ ಬೆಂಗಳೂರಿನಲ್ಲಿ ತನ್ನ ಕೇಂದ್ರವನ್ನು ತೆರೆದಂದಿನಿಂದ ಆ ನಗರ ವಿನ್ಯಾಸಕಾರ್ಯದ ನೆಲೆಯಾಗಿದೆಯೆಂಬುದು ನಿಜ. ಆದರೆ ಅಲ್ಲಿ ಕೆಲಸಕ್ಕೆ ಹೋಗುವ ತರುಣರಲ್ಲಿ ಅನೇಕರು ಹೊರಡುವುದು ಇಂಥ ಸೀಮೆಗಳಿಂದಲೇ. 1998ರಲ್ಲಿ ಸ್ಥಾಪಿತವಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕೇಂದ್ರಸ್ಥಾನ ಬೆಳಗಾವಿ. ಅದಕ್ಕೂ ಎರಡು ವರ್ಷ ಮೊದಲು, 1996ರಲ್ಲಿ, ಹುಕ್ಕೇರಿ ತಾಲ್ಲೂಕಿನ ನಿಡಸೋಸಿಯಲ್ಲಿ ಹಿರಾಶುಗರ್ ತಾಂತ್ರಿಕ ವಿದ್ಯಾಲಯ ಪ್ರಾರಂಭವಾಗಿತ್ತು. ಗೋಕಾಕ, ಮೂಡಲಗಿ, ಹುಕ್ಕೇರಿಗಳಿಂದ ಬಂದ ವಿದ್ಯಾರ್ಥಿಗಳು ಇಂಥ ಕಾಲೇಜುಗಳಲ್ಲಿ ಕಲಿತು ವಿನ್ಯಾಸಕಚೇರಿಗಳನ್ನು ಸೇರಿ, ಅಲ್ಲಿ ಬಹುಮಟ್ಟಿಗೆ ಮೊದಲು ಕೈಹಾಕುವ ಕೆಲಸಗಳಲ್ಲಿ ಕಾಲವಿಶ್ಲೇಷಣೆಯೂ ಒಂದು. ಯಂತ್ರದ ಊಹೆಯನ್ನು ನಂಬಬೇಕೆ, ಎಷ್ಟರಮಟ್ಟಿಗೆ ನಂಬಬೇಕು ಎಂಬ ಪ್ರಶ್ನೆ ಅವರ ಅನ್ನದ ಪ್ರಶ್ನೆಯೂ ಆಗಿದೆ.

ಕಾಲವಿಶ್ಲೇಷಣೆಯೆಂದರೇನು ಎಂಬುದನ್ನು ಈ ಸೀಮೆಯವರಿಗೆ ವಿವರಿಸುವುದು ಕಷ್ಟವಲ್ಲ. ಹುಕ್ಕೇರಿ ತಾಲ್ಲೂಕಿನ ಹಿಡಕಲ್ಲಿನಲ್ಲಿ ಘಟಪ್ರಭೆಗೆ ಅಡ್ಡಲಾಗಿ ಕಟ್ಟಿದ ರಾಜಾ ಲಖಮಗೌಡ ಜಲಾಶಯದಿಂದ ಬಿಟ್ಟ ನೀರು ನದಿಯಗುಂಟ ಇಳಿದು ಗೋಕಾಕ ತಾಲ್ಲೂಕಿನ ಧೂಪದಾಳದ ಒಡ್ಡಿಗೆ ಬರುತ್ತದೆ. ಅಲ್ಲಿ ಎಡದಂಡೆಯ ಕಾಲುವೆಗೆ ಹೊರಳಿ, ಮುಂದೆ ಉಪಕಾಲುವೆಗಳಾಗಿ ಒಡೆದು, ಮೂಡಲಗಿಯ ಕಡೆಯ ಕಬ್ಬಿನ ಹಾಗೂ ಗೋವಿನಜೋಳದ ಹೊಲಗಳನ್ನು ಮುಟ್ಟುತ್ತದೆ. ಉಪಕಾಲುವೆಯ ತುದಿಯಲ್ಲಿರುವ ಹೊಲದವನಿಗೆ ಮಂಗಳವಾರ ಬೆಳಗಿನ ಪಾಳಿ ಗೊತ್ತಾಗಿದೆಯೆಂದು ಭಾವಿಸೋಣ. ಪ್ರತಿಯೊಂದು ತೂಬನ್ನೂ ಪ್ರತಿಯೊಂದು ಕಾಲುವೆಯ ತುಂಡನ್ನೂ ದಾಟಲು ನೀರಿಗೆ ತಗಲುವ ವೇಳೆಯನ್ನು ಒಂದಕ್ಕೊಂದು ಕೂಡಿಸುತ್ತ ಹೋದರೆ ನೀರು ತಲಪುವ ವೇಳೆ ತಿಳಿಯುತ್ತದೆ. ಪಾಳಿಯ ವೇಳೆಯಿಂದ ಅದನ್ನು ಕಳೆದರೆ ಉಳಿಯುವುದು ಬಿಡುವು. ಬಿಡುವು ಧನಾತ್ಮಕವಾಗಿದ್ದರೆ ಬೆಳೆ ನನೆಯಿತು. ಋಣಾತ್ಮಕವಾಗಿದ್ದರೆ ಪಾಳಿ ತಪ್ಪಿತು.

ಚಿಪ್ಪಿನೊಳಗೆ ಹೊಲದ ಸ್ಥಾನದಲ್ಲಿ ಫ್ಲಿಪ್-ಫ್ಲಾಪ್ ಎಂಬ ಸ್ಮೃತಿಕೋಶವಿದೆ, ತೂಬಿನ ಸ್ಥಾನದಲ್ಲಿ ತರ್ಕದ್ವಾರವಿದೆ, ಕಾಲುವೆಯ ಸ್ಥಾನದಲ್ಲಿ ಲೋಹದ ತಂತಿಯಿದೆ. ಪಾಳಿಯನ್ನು ಸಾರುವುದು ಕ್ಲಾಕಿನ ಸ್ಪಂದ. ಇಂಜಿನಿಯರರು ಸ್ಲ್ಯಾಕ್ ಎಂದು ಕರೆಯುವುದನ್ನೇ ನಾವು ಬಿಡುವು ಎಂದೆವು. ಸ್ಪಂದದ ಅವಧಿ 10 ನ್ಯಾನೋಸೆಕೆಂಡ್ ಎಂದಿಟ್ಟುಕೊಳ್ಳೋಣ. ಸಂಕೇತ ಮೊದಲ ಕೋಶದಿಂದ ಹೊರಬೀಳಲು 0.4, ನಡುವಣ ದ್ವಾರಗಳನ್ನೂ ತಂತಿಗಳನ್ನೂ ದಾಟಲು 8.9, ಒಟ್ಟು 9.3 ಹಿಡಿಯಿತು. ಸ್ಪಂದ ಬರುವುದಕ್ಕೆ 0.3 ಮೊದಲೇ ಸಂಕೇತ ಬಂದು ನೆಲೆಸಿರಬೇಕೆಂಬುದು ಎರಡನೆಯ ಕೋಶದ ಕಟ್ಟಳೆ, ಆದುದರಿಂದ 9.7ರೊಳಗೆ ಬರತಕ್ಕದ್ದು. ಬಿಡುವು 0.4. ನಡುವಣ ದಾರಿ ಇನ್ನು 0.6ರಷ್ಟು ನಿಧಾನವಾಗಿದ್ದರೆ ಬಿಡುವು ಋಣ 0.2 ಆಗುತ್ತಿತ್ತು. ಒಂದು ದಾರಿಯಲ್ಲಿ ಹೀಗಾದರೂ ಚಿಪ್ ಆ ವೇಗದಲ್ಲಿ ನಿಲ್ಲದು.

ಉಪಮಾನ ಎರಡು ಕಡೆ ಕುಂಟುತ್ತದೆಂಬುದನ್ನೂ ಹೇಳಬೇಕು. ತರ್ಕದ್ವಾರವೊಂದಕ್ಕೆ ಎರಡು ಮೂರು ಕಡೆಗಳಿಂದ ಸಂಕೇತಗಳು ಬರುತ್ತವೆ. ಅವುಗಳಲ್ಲಿ ಎಲ್ಲಕ್ಕಿಂತ ತಡವಾಗಿ ಬಂದದ್ದೇ ನಿರ್ಣಾಯಕವೆಂದು ಎಣಿಸುವುದು ಪದ್ಧತಿ. ಇನ್ನು, ತಡವಾಗಿ ಬರುವುದಷ್ಟೇ ದೋಷವಲ್ಲ, ಅತಿ ಬೇಗ ಬರುವುದೂ ದೋಷವೇ. ಹಿಂದಿನ ಸಂಕೇತವನ್ನು ಕೋಶ ಭದ್ರವಾಗಿ ಹಿಡಿದುಕೊಳ್ಳುವ ಮೊದಲೇ ಹೊಸದು ನುಗ್ಗಿದರೆ ಎರಡೂ ಕೆಡುತ್ತವೆ. ತಡವಾಗುವ ದೋಷಕ್ಕೆ ಸೆಟಪ್ ಎಂದೂ ಬೇಗನಾಗುವ ದೋಷಕ್ಕೆ ಹೋಲ್ಡ್ ಎಂದೂ ಹೆಸರು. ಮೊದಲನೆಯದು ಕಂಡುಬಂದರೆ ಸ್ಪಂದವನ್ನು ನಿಧಾನಗೊಳಿಸಿಯಾದರೂ ಚಿಪ್ಪನ್ನು ಬಳಸಬಹುದು. ಎರಡನೆಯದಕ್ಕೆ ಆ ಉಪಾಯ ನಡೆಯದು.

ಈ ಗಣನೆಯ ಚರಿತ್ರೆಯನ್ನು ವಿಸ್ತರಿಸಬೇಕಾಗಿಲ್ಲ. ತಂತಿಯಲ್ಲಿ ಆಗುವ ವಿಳಂಬಕ್ಕೆ ಇಂದಿಗೂ ಬಳಕೆಯಲ್ಲಿರುವ ಸರಳ ಸೂತ್ರವನ್ನು ಎಲ್ಮೋರ್ 1948ರಲ್ಲಿಯೇ ಕೊಟ್ಟಿದ್ದನು. ದೊಡ್ಡ ಕಾಮಗಾರಿಗಳಲ್ಲಿ ಯಾವ ಕೆಲಸ ತಡವಾದರೆ ಎಲ್ಲವೂ ತಡವಾಗುವುದೆಂದು ಕಂಡುಹಿಡಿಯಲು 1958ರಲ್ಲಿ ಅಮೆರಿಕೆಯ ನೌಕಾದಳದ ಪೊಲಾರಿಸ್ ಯೋಜನೆಯಲ್ಲಿ ರೂಪುಗೊಂಡ ಪರ್ಟ್ ಪದ್ಧತಿಯನ್ನು ಕರ್ಕ್‌ಪ್ಯಾಟ್ರಿಕ್ ಮತ್ತು ಕ್ಲಾರ್ಕ್ ಎಂಬವರು 1966ರಲ್ಲಿ ತರ್ಕಮಂಡಲಗಳಿಗೆ ಅನ್ವಯಿಸಿದರು. 1982ರಲ್ಲಿ ಹಿಚ್‌ಕಾಕ್ ಮತ್ತು ಸಂಗಡಿಗರು ಐಬಿಎಂ ಸಂಸ್ಥೆಯಲ್ಲಿ ಅದನ್ನು ವ್ಯವಸ್ಥಿತಗೊಳಿಸಿದರು. ಮಂಡಲಕ್ಕೆ ಯಾವ ಸಂಕೇತ ಕೊಡುತ್ತೇವೆಂಬುದನ್ನು ಕೇಳದೆ, ಎಲ್ಲ ದಾರಿಗಳನ್ನೂ ಒಂದೇ ಸಲ ಕೆಟ್ಟ ಪರಿಸ್ಥಿತಿಯಲ್ಲಿ ಎಣಿಸುವುದರಿಂದ ಇದಕ್ಕೆ ಸ್ಥಿರ ಕಾಲವಿಶ್ಲೇಷಣೆಯೆಂದು ಹೆಸರಾಯಿತು.

ಗಣನೆ ಹೀಗೆ ಸಿದ್ಧವಾಗಿರುವಾಗ ಊಹೆಯ ಅಗತ್ಯವೇನು? ಇಲ್ಲಿ ಯಂತ್ರಕಲಿಕೆಯವರ ಪಕ್ಷವನ್ನು ನ್ಯಾಯವಾಗಿ ಮಂಡಿಸಬೇಕು. ಸ್ಥಿರ ಕಾಲವಿಶ್ಲೇಷಣೆ ಸ್ವತಃ ನಿಧಾನವಾದುದಲ್ಲ. ಆದರೆ ತಂತಿಗಳ ನಿಜವಾದ ಉದ್ದವೂ ದಾರಿಯೂ ತಿಳಿಯದೆ ಅದಕ್ಕೆ ಖಚಿತವಾದ ಅಂಕಿಗಳು ಸಿಕ್ಕುವುದಿಲ್ಲ. ಅವು ತಿಳಿಯಬೇಕಾದರೆ ಕೋಶಗಳನ್ನೆಲ್ಲ ಸ್ಥಳದಲ್ಲಿ ಕೂಡಿಸಿ ತಂತಿಗಳನ್ನು ಹಾಸಿ ಮುಗಿಸಬೇಕು. ದೊಡ್ಡ ಚಿಪ್ಪಿನಲ್ಲಿ ಇದಕ್ಕೆ ತಾಸುಗಳೇ ಏಕೆ, ದಿನಗಳೇ ಹಿಡಿಯುತ್ತವೆ. ಹಾಸಿದ ಮೇಲೆ ತಪ್ಪು ಕಂಡರೆ ಮತ್ತೆ ಮೊದಲಿನಿಂದ. ಕಾಲುವೆಯನ್ನು ತೋಡಿದ ಮೇಲೆ ನೀರು ಹತ್ತದೆಂದು ತಿಳಿಯುವುದಕ್ಕಿಂತ, ನಕ್ಷೆಯ ಮೇಲಿರುವಾಗಲೇ ಒಂದು ಅಂದಾಜು ಸಿಕ್ಕಿದರೆ ಲಾಭವಲ್ಲವೆ? 2014ರಲ್ಲಿ ಕಾಂಗ್ ಮತ್ತು ಸಂಗಡಿಗರು ಒಂದು ಉಪಕರಣದ ಉತ್ತರದಿಂದ ಇನ್ನೊಂದರ ಉತ್ತರವನ್ನು ಕಲಿಕೆಯ ಮೂಲಕ ಪಡೆಯಲು ಯತ್ನಿಸಿದರು. 2019ರಲ್ಲಿ ಬಾರ್ಬೋಜಾ ಮತ್ತು ಸಂಗಡಿಗರು ತಂತಿ ಹಾಸುವುದಕ್ಕೆ ಮುಂಚೆಯೇ ಅದರ ವಿಳಂಬವನ್ನು ಊಹಿಸಿ, ವಿನ್ಯಾಸಕಾರರ ಅತಿಯಾದ ಎಚ್ಚರಿಕೆಯನ್ನು ತಗ್ಗಿಸಬಹುದೆಂದು ತೋರಿಸಿದರು. ಈ ಪ್ರಯತ್ನಗಳ ಹಿಂದಿರುವ ಅವಶ್ಯಕತೆ ನಿಜವಾದುದು, ಕಲ್ಪಿತವಲ್ಲ.

ನಮ್ಮ ಪ್ರಾಚೀನ ತಾರ್ಕಿಕರು ಪ್ರತ್ಯಕ್ಷ, ಅನುಮಾನ, ಆಪ್ತವಾಕ್ಯಗಳೆಂದು ಪ್ರಮಾಣಗಳನ್ನು ವಿಭಾಗಿಸುತ್ತಿದ್ದರು. ಆ ವಿಭಾಗ ಇಲ್ಲಿ ಅನುಕೂಲಕ್ಕೆ ಬರುತ್ತದೆ. ಸಿಲಿಕಾನಿನಲ್ಲಿ ಸಿದ್ಧವಾದ ಚಿಪ್ಪನ್ನು ಮೇಜಿನ ಮೇಲಿಟ್ಟು ಅಳೆದುದು ಪ್ರತ್ಯಕ್ಷ. ಒಳಗಿನ ಲೆಕ್ಕವನ್ನು ತೋರಿಸದೆ ಬರಿಯ ತೀರ್ಪನ್ನು ಕೊಡುವ ವಾಣಿಜ್ಯ ಉಪಕರಣದ ಮಾತು ಆಪ್ತವಾಕ್ಯ. ಆಪ್ತನು ನಂಬತಕ್ಕವನೇ ಇರಬಹುದು, ಆದರೂ ಅದು ವಾಕ್ಯವೇ. ಯಂತ್ರಕಲಿಕೆಯದು ಅನುಮಾನ. ಹೊಗೆಯಿದ್ದಲ್ಲಿ ಬೆಂಕಿಯನ್ನು ಊಹಿಸುವವನು ಹಿಂದೆ ಅಡಿಗೆಯ ಮನೆಯಲ್ಲಿ ಎರಡನ್ನೂ ಒಟ್ಟಿಗೆ ಕಂಡಿರಬೇಕೆಂದು ತಾರ್ಕಿಕರು ಹೇಳುತ್ತಾರೆ. ಯಂತ್ರ ಯಾವ ಅಡಿಗೆಯ ಮನೆಯನ್ನು ಕಂಡಿತ್ತು ಎಂಬುದೇ ಪರಿಶೀಲಿಸತಕ್ಕ ವಿಷಯ.

ಗುವೋ ಮತ್ತು ಸಂಗಡಿಗರ ಕೃತಿಯ ಗುಣ ಮೊದಲು. ಅವರಿಗಿಂತ ಹಿಂದೆ ಬಳಕೆಗೆ ಬಂದಿದ್ದ ಗ್ರಾಫ್ ನರಜಾಲಗಳಲ್ಲಿ ಒಂದು ಕೋಶದ ಸುದ್ದಿ ಒಂದೊಂದು ಪದರಕ್ಕೆ ಒಂದೊಂದು ಹೆಜ್ಜೆ ಮಾತ್ರ ಮುಂದುವರಿಯುತ್ತಿತ್ತು. ಚಿಪ್ಪಿನ ದಾರಿಯಲ್ಲಿ ಹತ್ತಾರು, ಕೆಲವೊಮ್ಮೆ ನೂರಾರು ಹೆಜ್ಜೆಗಳಿರುತ್ತವೆ. ನಾಲ್ಕು ಪದರದ ಜಾಲ ನಾಲ್ಕು ತೂಬುಗಳಾಚೆಯದನ್ನು ಕಾಣಲಾರದು. ಇವರು ಕಾಲವಿಶ್ಲೇಷಣೆಯ ಕ್ರಮವನ್ನೇ ಅನುಸರಿಸಿ, ಮೂಲದಿಂದ ತುದಿಯವರೆಗೆ ಹಂತಹಂತವಾಗಿ ಸುದ್ದಿ ಹರಿಯುವಂತೆ ತಮ್ಮ ಜಾಲವನ್ನು ಕಟ್ಟಿದರು. ದ್ವಾರಗಳ ವಿಳಂಬಕ್ಕೆ ಲೈಬ್ರರಿಯಲ್ಲಿರುವ ಕೋಷ್ಟಕಗಳನ್ನು ಓದುವ ರೀತಿಯನ್ನೂ ಅದಕ್ಕೆ ಕಲಿಸಿದರು. ವಿಷಯದ ಸ್ವಭಾವವನ್ನು ಅರಿತು ಉಪಕರಣವನ್ನು ರೂಪಿಸಿದ ಈ ವಿವೇಕ, ಎಲ್ಲವನ್ನೂ ಒಂದೇ ಅಚ್ಚಿನಲ್ಲಿ ಹಾಕಿ ತಿರುವುವ ಅನೇಕ ಪ್ರಬಂಧಗಳಲ್ಲಿ ಕಾಣುವುದಿಲ್ಲ. ಸೆಟಪ್ಪಿನೊಡನೆ ಹೋಲ್ಡನ್ನೂ ಅವರು ಲಕ್ಷ್ಯಕ್ಕೆ ತೆಗೆದುಕೊಂಡರೆಂಬುದನ್ನೂ ಮೆಚ್ಚಬೇಕು.

ಆಕ್ಷೇಪಣೆಗಳಲ್ಲಿ ಮೊದಲನೆಯದು ಸತ್ಯವೆಂದು ಯಾವುದನ್ನು ಹಿಡಿದರೆಂಬುದು. ಯಂತ್ರಕ್ಕೆ ಪಾಠವಾಗಿ ಕೊಟ್ಟ ಉತ್ತರಗಳು ಓಪನ್‌ರೋಡ್ ಎಂಬ ಮುಕ್ತ ಉಪಕರಣಸಮೂಹದಿಂದ, 2020ರಲ್ಲಿ ಗೂಗಲ್ ಮತ್ತು ಸ್ಕೈವಾಟರ್ ಸಂಸ್ಥೆಗಳು ಬಹಿರಂಗಗೊಳಿಸಿದ 130 ನ್ಯಾನೋಮೀಟರ್ ತಂತ್ರದ ಲೈಬ್ರರಿಯ ಆಧಾರದ ಮೇಲೆ ಬಂದವು. ಎಂದರೆ ಯಂತ್ರ ಕಲಿತದ್ದು ಸಿಲಿಕಾನಿನ ನಡತೆಯನ್ನಲ್ಲ, ಒಂದು ಉಪಕರಣದ ಲೆಕ್ಕವನ್ನು. ಗುರುವಿನ ಲೆಕ್ಕದಲ್ಲಿ ತಪ್ಪಿದ್ದರೆ ಶಿಷ್ಯನು ಆ ತಪ್ಪನ್ನು ಭಕ್ತಿಯಿಂದ ಒಪ್ಪಿಸುತ್ತಾನೆ. ಇದು ಗ್ರಂಥಕರ್ತರ ಅಪರಾಧವಲ್ಲ. ಸಾವಿರಾರು ದಾರಿಗಳನ್ನು ಸಿಲಿಕಾನಿನಲ್ಲಿ ಒಂದೊಂದಾಗಿ ಅಳೆಯುವುದು ಯಾರಿಂದಲೂ ಆಗದ ಮಾತು. ಆದರೆ ಪ್ರಬಂಧಗಳಲ್ಲಿ ಇಂಥ ಉತ್ತರಗಳನ್ನು ಕುರಿತು ನೆಲದ ಸತ್ಯವೆಂದು ಬಳಸುವ ಮಾತು ವಿದ್ಯಾರ್ಥಿಗಳನ್ನು ದಾರಿ ತಪ್ಪಿಸುತ್ತದೆ. ನೆಲವನ್ನು ಅಲ್ಲಿ ಯಾರೂ ಮುಟ್ಟಿರುವುದಿಲ್ಲ.

ಎರಡನೆಯದು ಪರೀಕ್ಷೆಯ ಪ್ರಶ್ನೆ. ಒಟ್ಟು 21 ವಿನ್ಯಾಸಗಳಲ್ಲಿ 14ನ್ನು ಪಾಠಕ್ಕೂ 7ನ್ನು ಪರೀಕ್ಷೆಗೂ ವಿಂಗಡಿಸಲಾಗಿದೆ. ವಿನ್ಯಾಸಕ್ಕೆ ವಿನ್ಯಾಸವನ್ನೇ ಬೇರ್ಪಡಿಸಿದುದು ಸರಿಯಾದ ಕ್ರಮ. ಒಂದೇ ವಿನ್ಯಾಸದ ಕೆಲವು ದಾರಿಗಳನ್ನು ಪಾಠಕ್ಕೂ ಉಳಿದವನ್ನು ಪರೀಕ್ಷೆಗೂ ಹಂಚುವ ಕೃತಿಗಳಿಗಿಂತ ಇದು ಎಷ್ಟೋ ಮೇಲು. ಆದರೆ ಹೆಸರುಗಳ ಪಟ್ಟಿಯನ್ನು ನಿಧಾನವಾಗಿ ಓದಬೇಕು. ಗೂಢಲಿಪಿಯ ಎಇಎಸ್ ವಿನ್ಯಾಸಗಳಲ್ಲಿ 128ರದೂ 256ರದೂ ಪಾಠದ ಗುಂಪಿನಲ್ಲಿವೆ. 192ರದು ಪರೀಕ್ಷೆಯ ಗುಂಪಿನಲ್ಲಿದೆ. ಅಣ್ಣನನ್ನೂ ತಮ್ಮನನ್ನೂ ವರ್ಷಗಟ್ಟಲೆ ನೋಡಿಕೊಂಡಿದ್ದವನು ನಡುವಿನವನ ಮುಖವನ್ನು ಸಂತೆಯಲ್ಲಿ ಗುರುತಿಸಿದರೆ ಅದನ್ನು ಅಪರಿಚಿತನ ಪರಿಚಯವೆಂದು ಕರೆಯಲಾದೀತೆ? ಅದೇ ಪರೀಕ್ಷೆಯ ಗುಂಪಿನಲ್ಲಿ ಚಿತ್ರಸಂಕೋಚನದ ಜೆಪೆಗ್ ವಿನ್ಯಾಸದಂತಹ ನಿಜವಾದ ಅಪರಿಚಿತರೂ ಇರುವುದರಿಂದ ಇದನ್ನು ವಂಚನೆಯೆಂದು ಯಾರೂ ಹೇಳಲಾಗದು. ನಮ್ಮ ಮತವೇನೆಂದರೆ, ಏಳರ ಸರಾಸರಿಯನ್ನು ಓದುವುದಕ್ಕೆ ಬದಲಾಗಿ ಬಂಧುಗಳನ್ನು ಒಂದು ಕಡೆ, ಅಪರಿಚಿತರನ್ನು ಒಂದು ಕಡೆ ಇಟ್ಟು ಎರಡು ಉತ್ತರಗಳನ್ನು ಓದತಕ್ಕದ್ದು. ಹೊಸ ಚಿಪ್ಪನ್ನು ರಚಿಸುವವನಿಗೆ ಬೇಕಾದುದು ಎರಡನೆಯ ಉತ್ತರವೊಂದೇ.

ಮೂರನೆಯದೇ ಮುಖ್ಯವಾದುದು, ಅದು ಈ ಒಂದು ಪ್ರಬಂಧಕ್ಕೆ ಮಾತ್ರ ತಗಲುವುದೂ ಅಲ್ಲ. ಊಹೆಯ ಗುಣವನ್ನು ಈ ಕ್ಷೇತ್ರದವರು ಸಾಮಾನ್ಯವಾಗಿ ಆರ್-ವರ್ಗ ಎಂಬ ಗುಣಾಂಕದಿಂದ ಅಳೆಯುತ್ತಾರೆ. ಅದು 1ಕ್ಕೆ ಸಮೀಪವಾದಷ್ಟೂ ಊಹೆ ಉತ್ತಮವೆಂದು ಭಾವನೆ. ಒಂದು ಲೆಕ್ಕ ಮಾಡೋಣ. 10 ನ್ಯಾನೋಸೆಕೆಂಡ್ ಅವಧಿಯ ಚಿಪ್ಪೊಂದರಲ್ಲಿ ಬಿಡುವುಗಳು ತಮ್ಮ ಸರಾಸರಿಯ ಸುತ್ತ 2 ನ್ಯಾನೋಸೆಕೆಂಡ್ ಮಾನಕ ವಿಚಲನೆಯಷ್ಟು ಹರಡಿಕೊಂಡಿವೆ. ಯಂತ್ರದ ತಪ್ಪಿನ ಮಾನಕ ವಿಚಲನೆ 0.4. ವರ್ಗಗಳನ್ನು ತೆಗೆದುಕೊಂಡರೆ 4ರಲ್ಲಿ 0.16, ಗುಣಾಂಕ 0.96. ಪರೀಕ್ಷೆಯಲ್ಲಿ ನೂರಕ್ಕೆ ತೊಂಬತ್ತಾರು ಬಂದ ಮಗನನ್ನು ಕಂಡಂತೆ ಓದುಗನು ಹಿಗ್ಗುತ್ತಾನೆ. ಆದರೆ ನಿಜವಾಗಿ ಋಣ 0.2 ಇರುವ ದಾರಿಯನ್ನು ಧನ 0.2 ಎಂದು ಹೇಳುವುದು ಈ ಯಂತ್ರಕ್ಕೆ ನಿತ್ಯದ ಮಾತು. ಬಿಡುವುಗಳು ಎಷ್ಟು ವಿಸ್ತಾರವಾಗಿ ಹರಡಿದ್ದರೆ ಗುಣಾಂಕ ಅಷ್ಟು ಹೆಚ್ಚು. ಸುಖವಾಗಿರುವ ಸಾವಿರ ದಾರಿಗಳು ಕಷ್ಟದಲ್ಲಿರುವ ಹತ್ತನ್ನು ಮರೆಮಾಡುತ್ತವೆ. ಚಿಪ್ಪಿನ ಹಣೆಬರಹವಾದರೋ ಆ ಹತ್ತರಲ್ಲಿಯೇ ಇದೆ.

ಈ ವಿಷಯವನ್ನು ತರಗತಿಯಲ್ಲಿ ವಿವರಿಸುತ್ತಿದ್ದಾಗ ಮೂಡಲಗಿಯ ಕಡೆಯ ವಿದ್ಯಾರ್ಥಿಯೊಬ್ಬನು ಎದ್ದುನಿಂತು, "ಕಾಲುವಿಗೆ ಸರಾಸರಿ ನೀರು ಬಂತಂದ್ರ ನಮ್ಮ ಹೊಲಕ್ಕ ಬಂದಂಗ ಆತೇನ್ರಿ, ಸರ?" ಎಂದು ಕೇಳಿದನು. ಅವನ ಹೊಲ ಉಪಕಾಲುವೆಯ ಕೊನೆಯಲ್ಲಿದೆಯೆಂದು ಆಮೇಲೆ ತಿಳಿಯಿತು. ಒಂದು ಪುಟದ ಸಂಖ್ಯಾಶಾಸ್ತ್ರದಿಂದ ನಾವು ಹೇಳಲು ಹೆಣಗುತ್ತಿದ್ದುದನ್ನು ಅವನು ಒಂದು ವಾಕ್ಯದಲ್ಲಿ ಹೇಳಿ ಮುಗಿಸಿದನು. ಕಾಲುವೆಯ ತಲೆಯಲ್ಲಿರುವ ಹೊಲಗಳಿಗೆ ನೀರು ಎಷ್ಟು ಚೆನ್ನಾಗಿ ಬಂದಿತೆಂಬ ಅಂಕಿ ಕೊನೆಯ ಹೊಲದವನಿಗೆ ಯಾವ ಸಮಾಧಾನವನ್ನೂ ಕೊಡಲಾರದು. ಸ್ಥಿರ ಕಾಲವಿಶ್ಲೇಷಣೆ ಹುಟ್ಟಿದ್ದೇ ಕೊನೆಯ ಹೊಲದ ಶಾಸ್ತ್ರವಾಗಿ. ಅದರ ಪ್ರಶ್ನೆ ಎಂದೂ ಸರಾಸರಿಯದಾಗಿರಲಿಲ್ಲ. ಯಂತ್ರಕಲಿಕೆ ತನ್ನೊಡನೆ ತನ್ನ ಸರಾಸರಿಯ ಅಳತೆಗೋಲನ್ನೂ ಹೊತ್ತು ತಂದಿತು. ಆತಿಥೇಯರು ಅದನ್ನು ಪ್ರಶ್ನಿಸದೆ ಒಳಗೆ ಬರಮಾಡಿಕೊಂಡರು.

ತಪ್ಪುಗಳೆಲ್ಲ ಸಮಾನವಲ್ಲವೆಂಬುದನ್ನು ಇದಕ್ಕೆ ಸೇರಿಸಬೇಕು. ಒಳ್ಳೆಯ ದಾರಿಯನ್ನು ಕೆಟ್ಟದ್ದೆಂದು ಹೇಳಿದರೆ ವಿನ್ಯಾಸಕಾರನ ಕೆಲವು ತಾಸುಗಳೂ ಚಿಪ್ಪಿನಲ್ಲಿ ಸ್ವಲ್ಪ ಸ್ಥಳವೂ ವ್ಯರ್ಥವಾದಾವು. ಕೆಟ್ಟದ್ದನ್ನು ಒಳ್ಳೆಯದೆಂದು ಹೇಳಿ ಅದೇ ತೀರ್ಪು ಕೊನೆಯವರೆಗೆ ಉಳಿದುಕೊಂಡರೆ ಇಡೀ ತಯಾರಿಕೆಯೇ ನೀರುಪಾಲು. ಎರಡನ್ನೂ ವರ್ಗಮಾಡಿ ಕೂಡಿಸುವ ಗುಣಾಂಕಕ್ಕೆ ಈ ವ್ಯತ್ಯಾಸ ಕಾಣುವುದಿಲ್ಲ. ಅತ್ಯಂತ ಕೆಟ್ಟ ಬಿಡುವಿನಲ್ಲಿ ಎಷ್ಟು ತಪ್ಪಿತು, ನಿಜವಾಗಿ ಕೆಟ್ಟ ನೂರು ದಾರಿಗಳಲ್ಲಿ ಎಷ್ಟನ್ನು ಹಿಡಿಯಿತು, ಹಿಡಿಯದೆ ಬಿಟ್ಟವು ಎಷ್ಟು ಎಂಬ ಅಂಕಿಗಳನ್ನು ಕೊಡದ ಪ್ರಬಂಧವನ್ನು ಕಾಲವಿಶ್ಲೇಷಣೆಯ ಪ್ರಬಂಧವೆಂದು ಒಪ್ಪಿಕೊಳ್ಳಲು ನಾವು ಹಿಂಜರಿಯುತ್ತೇವೆ.

ಹಾಗಾದರೆ ಅನುಮಾನವನ್ನು ಬಿಟ್ಟುಬಿಡೋಣವೆ? ಅಷ್ಟು ದೂರ ಹೋಗಬೇಕಾಗಿಲ್ಲ. ಅನುಮಾನದ ಬೆನ್ನಿಗೆ ಯಾರು ಬೇಕಾದರೂ ಮಾಡಿ ನೋಡಬಹುದಾದ ಗಣನೆಯೊಂದು ನಿಂತಿದ್ದರೆ ಸಾಕು. ಇಲ್ಲಿ ಮುಕ್ತ ಉಪಕರಣಗಳ ಪ್ರಸ್ತಾಪ ಬರುತ್ತದೆ. ಜೇಮ್ಸ್ ಚೆರ್ರಿಯವರು ರಚಿಸಿದ ಓಪನ್‌ಎಸ್‌ಟಿಎ ಕೈಗಾರಿಕೆಯಲ್ಲಿ ರೂಢವಾದ ಲೈಬ್ರರಿಗಳನ್ನೂ ನಿರ್ಬಂಧಗಳ ಕಡತಗಳನ್ನೂ ಓದಿ ದಾರಿದಾರಿಯ ಲೆಕ್ಕವನ್ನು ಬಿಡಿಸಿ ತೋರಿಸುತ್ತದೆ. 2015ರಲ್ಲಿ ತ್ಸುಂಗ್-ವೈ ಹುವಾಂಗ್ ಮತ್ತು ಮಾರ್ಟಿನ್ ವಾಂಗ್ ಪ್ರಕಟಿಸಿದ ಓಪನ್‌ಟೈಮರ್ ವಿನ್ಯಾಸದಲ್ಲಿ ಸ್ವಲ್ಪ ಬದಲಾವಣೆಯಾದಾಗ ಆದಷ್ಟನ್ನೇ ಮರಳಿ ಎಣಿಸುವುದರಲ್ಲಿ ಚುರುಕು. 2018ರಲ್ಲಿ ಅಮೆರಿಕೆಯ ರಕ್ಷಣಾಸಂಶೋಧನ ಸಂಸ್ಥೆಯ ನೆರವಿನಿಂದ ಆಂಡ್ರ್ಯೂ ಕಾಂಗ್ ಅವರ ನಾಯಕತ್ವದಲ್ಲಿ ಆರಂಭವಾದ ಓಪನ್‌ರೋಡ್, ಮನುಷ್ಯನ ಕೈ ತಾಗದೆ 24 ತಾಸಿನಲ್ಲಿ ವಿನ್ಯಾಸವನ್ನು ಮುಗಿಸುವ ಗುರಿಯನ್ನು ಸಾರಿತು. ಆ ಗುರಿ ಆಡಂಬರದ್ದೆಂದು ನಮಗೆ ತೋರುತ್ತದೆ; ಆದರೂ ಗುರಿಯ ಹಿಂದೆ ಬಂದ ಉಪಕರಣಗಳು ಗಟ್ಟಿಯಾದುವು.

ಇವೂ ದೋಷರಹಿತವಲ್ಲ. ಪಕ್ಕಪಕ್ಕದ ತಂತಿಗಳು ಒಂದನ್ನೊಂದು ಕಲಕುವುದರಿಂದ ಆಗುವ ವಿಳಂಬದ ವ್ಯತ್ಯಾಸವನ್ನು ವಾಣಿಜ್ಯ ಉಪಕರಣಗಳು ಎಣಿಸುವಂತೆ ಓಪನ್‌ಎಸ್‌ಟಿಎ ಎಣಿಸುವುದಿಲ್ಲ. 130 ನ್ಯಾನೋಮೀಟರಿನಲ್ಲಿ ಇದನ್ನು ಒಂದಿಷ್ಟು ಸಹಿಸಬಹುದು. ಇಂದಿನ ಸೂಕ್ಷ್ಮ ತಂತ್ರಗಳಲ್ಲಿ ಸಹಿಸಲಾಗದು. ಇನ್ನೂ ಕಹಿಯಾದ ಅನುಭವವೊಂದುಂಟು. ಗೂಗಲ್ಲಿನ ವೆಚ್ಚದಲ್ಲಿ, ಈಫ್ಯಾಬ್ಲೆಸ್ ಸಂಸ್ಥೆಯ ಮೂಲಕ, ಮುಕ್ತ ವಿನ್ಯಾಸಗಳನ್ನು ಸ್ಕೈವಾಟರಿನಲ್ಲಿ ತಯಾರಿಸಿ ಕೊಡುವ ಯೋಜನೆ 2020ರಲ್ಲಿ ಆರಂಭವಾಯಿತು. ಮೊದಲನೆಯ ತಂಡದ ಚಿಪ್ಪುಗಳು ಕೈಗೆ ಬಂದಾಗ, ಎಲ್ಲ ವಿನ್ಯಾಸಗಳಿಗೂ ಸಾಮಾನ್ಯವಾಗಿದ್ದ ನಿಯಂತ್ರಣಭಾಗದಲ್ಲಿಯೇ ಹೋಲ್ಡ್ ದೋಷಗಳು ಕಂಡುಬಂದವು. ಸ್ಪಂದವನ್ನು ನಿಧಾನಗೊಳಿಸಿ ಪಾರಾಗುವಂತಿರಲಿಲ್ಲ. ಅನೇಕರ ತಿಂಗಳುಗಳ ಶ್ರಮ ಹೀಗೆ ಸಂಕಟಕ್ಕೀಡಾಯಿತು.

ಈ ಘಟನೆಯನ್ನು ಮುಕ್ತ ಉಪಕರಣಗಳ ವಿರುದ್ಧ ಸಾಕ್ಷ್ಯವಾಗಿ ಹಲವರು ಉದಾಹರಿಸುತ್ತಾರೆ. ನಮಗೆ ಅದು ಎರಡು ಅಲಗಿನ ಸಾಕ್ಷ್ಯವೆಂದು ತೋರುತ್ತದೆ. ಗಣನೆ ತಪ್ಪಿತು, ನಿಜ. ಆದರೆ ವಿನ್ಯಾಸವೂ ಲೈಬ್ರರಿಯೂ ಉಪಕರಣವೂ ಬಯಲಿನಲ್ಲಿದ್ದುದರಿಂದ ದೋಷ ಎಲ್ಲಿದೆಯೆಂದು ಹೊರಗಿನವರೂ ಹುಡುಕಿ ಹೇಳಬಹುದಾಯಿತು. ಪ್ರತ್ಯಕ್ಷ ಬಂದು ಗಣನೆಯನ್ನು ತಿದ್ದಿತು. ಮುಚ್ಚಿದ ಉಪಕರಣಗಳಿಂದ ಕೆಟ್ಟ ಚಿಪ್ಪುಗಳು ಎಷ್ಟೆಂಬುದು ಆಯಾ ಕಚೇರಿಯ ಗೋಡೆಗಳಿಗೆ ಮಾತ್ರ ಗೊತ್ತು. ಈಫ್ಯಾಬ್ಲೆಸ್ 2025ರಲ್ಲಿ ಬಾಗಿಲು ಮುಚ್ಚಿತು. ಆ ಸಂಸ್ಥೆಯೊಡನೆ ಲೈಬ್ರರಿಯಾಗಲಿ ಓಪನ್‌ಎಸ್‌ಟಿಎ ಆಗಲಿ ಮುಚ್ಚಿಹೋಗಲಿಲ್ಲವೆಂಬುದನ್ನೂ ಮರೆಯಬಾರದು.

ಇದೇ ಬೆಳಕಿನಲ್ಲಿ ಇನ್ನೊಂದು ಪ್ರಸಂಗವನ್ನು ನೆನೆಯಬಹುದು. ಚಿಪ್ಪಿನ ದೊಡ್ಡ ಭಾಗಗಳನ್ನು ಸ್ಥಳದಲ್ಲಿ ಕೂಡಿಸುವುದರಲ್ಲಿ ಕಲಿತ ಯಂತ್ರ ಮನುಷ್ಯರನ್ನು ಮೀರಿಸುವುದೆಂದು ಗೂಗಲ್ಲಿನ ಸಂಶೋಧಕರು 2021ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಅದರ ಮೇಲೆ ತೀವ್ರ ವಾಗ್ವಾದ ಎದ್ದಿತು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯೇಗೋ ತಂಡ ಆ ಪದ್ಧತಿಯನ್ನು ಬಹಿರಂಗವಾಗಿ ಮರಳಿ ಕಟ್ಟಿ 2023ರಲ್ಲಿ ತನ್ನ ಫಲಿತಾಂಶಗಳನ್ನು ಮುಂದಿಟ್ಟ ಮೇಲೆ, ಎರಡು ಪಕ್ಷದವರೂ ಬೆರಳಿಟ್ಟು ತೋರಿಸಿ ಮಾತಾಡಬಹುದಾದ ವಸ್ತುವೊಂದು ದೊರಕಿತು.

ಈಗ ಒಂದು ಬಲವಾದ ಪೂರ್ವಪಕ್ಷವನ್ನು ಎದುರಿಸಬೇಕು. ಕೇಂದ್ರ ಸರಕಾರದ ಯೋಜನೆಯಡಿಯಲ್ಲಿ ಬೆಂಗಳೂರಿನ ಸಿ-ಡ್ಯಾಕ್ ಸಂಸ್ಥೆಯ ಚಿಪ್‌ಇನ್ ಕೇಂದ್ರ ದೇಶದ ಅನೇಕ ಕಾಲೇಜುಗಳಿಗೆ ವಾಣಿಜ್ಯ ಉಪಕರಣಗಳನ್ನೇ ದೂರದಿಂದ ಒದಗಿಸುತ್ತಿರುವಾಗ, ಅಪೂರ್ಣವಾದ ಮುಕ್ತ ಉಪಕರಣಗಳ ಹಂಗೇಕೆ? ಉದ್ಯೋಗಕ್ಕೆ ಬೇಕಾದುದು ಅವೇ ಅಲ್ಲವೆ? ಈ ಸೌಕರ್ಯ ದೊಡ್ಡ ಉಪಕಾರವೆಂಬುದರಲ್ಲಿ ಸಂಶಯವಿಲ್ಲ. ದೊರೆತ ಕಾಲೇಜುಗಳು ಅದನ್ನು ತಪ್ಪದೆ ಬಳಸತಕ್ಕದ್ದು. ಆದರೆ ವಾಣಿಜ್ಯ ಉಪಕರಣಗಳ ಲೈಸನ್ಸಿನ ಕರಾರುಗಳು ಅವುಗಳ ಹೋಲಿಕೆಯ ಅಂಕಿಗಳನ್ನು ಹೆಸರುಸಹಿತ ಪ್ರಕಟಿಸುವುದನ್ನು ಸಾಮಾನ್ಯವಾಗಿ ನಿಷೇಧಿಸುತ್ತವೆ. ಪ್ರಬಂಧಗಳಲ್ಲಿ 'ಒಂದು ವಾಣಿಜ್ಯ ಉಪಕರಣ' ಎಂಬ ಅನಾಮಧೇಯ ಪಾತ್ರ ಪದೇಪದೇ ರಂಗಕ್ಕೆ ಬರುವುದು ಇದರಿಂದಲೇ. ಉದ್ಯೋಗಕ್ಕೆ ಅದು ಅಡ್ಡಿಯಲ್ಲದಿರಬಹುದು. ವಿದ್ಯೆಗೆ ಅಡ್ಡಿಯೇ.

ಈ ಸೀಮೆಯವರಿಗೆ ಇದರ ಭೇದ ಹೊಸತಲ್ಲ. 1969ರಲ್ಲಿ ಸ್ಥಾಪಿತವಾದ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರ ಸಂಘ ವಿದ್ಯುತ್ತನ್ನು ಉತ್ಪಾದಿಸುವುದಿಲ್ಲ, ಕೊಂಡು ಹಂಚುತ್ತದೆ. ಆದರೂ ಹಂಚಿಕೆಯ ಲೆಕ್ಕವನ್ನು ಕೇಳುವ ಹಕ್ಕು ಸದಸ್ಯನಿಗೆ ಇದೆ. ಬೇರೆಯವರ ವಿದ್ಯುತ್ತನ್ನು ಬಳಸುವುದಕ್ಕೂ ಅದರ ಲೆಕ್ಕದ ಪುಸ್ತಕವನ್ನು ತೆರೆದು ನೋಡುವುದಕ್ಕೂ ಇರುವ ವ್ಯತ್ಯಾಸವೇ ಇಲ್ಲಿ ಪ್ರಕೃತವಾದುದು. ಕಾಲೇಜಿನಲ್ಲಿ ಎರಡೂ ಇರಲಿ. ಒಂದರಿಂದ ಕೆಲಸ ಕಲಿಯಲಿ, ಇನ್ನೊಂದರಿಂದ ಲೆಕ್ಕ ಕೇಳುವುದನ್ನು ಕಲಿಯಲಿ.

ಅಧ್ಯಾಪಕರು ಇದಕ್ಕಾಗಿ ಪಠ್ಯಕ್ರಮ ಬದಲಾಗುವವರೆಗೆ ಕಾಯಬೇಕಾಗಿಲ್ಲ. ಮೇಲೆ ಹೇಳಿದ ಪರೀಕ್ಷೆಯ ಏಳು ವಿನ್ಯಾಸಗಳಲ್ಲಿ ಎಸ್‌ಪಿಎಂ ಎಂಬ ಚಿಕ್ಕ ಗುಣಕಾರಯಂತ್ರವೊಂದಿದೆ. ಒಂದು ಸಾಧಾರಣ ಗಣಕದಲ್ಲಿ ಓಪನ್‌ರೋಡಿನಿಂದ ಅದನ್ನು ಮೊದಲಿನಿಂದ ಕೊನೆಯವರೆಗೆ ರಚಿಸಬಹುದು. ತಂತಿ ಹಾಸುವ ಮೊದಲು ಒಮ್ಮೆ, ಹಾಸಿದ ಮೇಲೆ ಒಮ್ಮೆ ಓಪನ್‌ಎಸ್‌ಟಿಎಯಿಂದ ಬಿಡುವುಗಳನ್ನು ಎಣಿಸಬೇಕು. ಎಣಿಕೆಯನ್ನು ಲೈಬ್ರರಿಯ ಮೂರು ಸ್ಥಿತಿಗಳಲ್ಲಿಯೂ ಮಾಡಬೇಕು: 25 ಡಿಗ್ರಿ ಉಷ್ಣತೆ ಮತ್ತು 1.8 ವೋಲ್ಟಿನ ಸಾಮಾನ್ಯ ಸ್ಥಿತಿ, 100 ಡಿಗ್ರಿ ಮತ್ತು 1.6 ವೋಲ್ಟಿನ ನಿಧಾನ ಸ್ಥಿತಿ, ಶೂನ್ಯಕ್ಕಿಂತ 40 ಡಿಗ್ರಿ ಕೆಳಗೆ 1.95 ವೋಲ್ಟಿನ ವೇಗದ ಸ್ಥಿತಿ. ಸೆಟಪ್ ಕೆಡುವುದು ಸಾಮಾನ್ಯವಾಗಿ ಎರಡನೆಯದರಲ್ಲಿ, ಹೋಲ್ಡ್ ಕೆಡುವುದು ಮೂರನೆಯದರಲ್ಲಿ. ಅನಂತರ ಅತಿ ಕೆಟ್ಟ ದಾರಿಯೊಂದನ್ನು ಆರಿಸಿ, ಲೈಬ್ರರಿಯ ಕೋಷ್ಟಕಗಳನ್ನು ತೆರೆದು, ಎಲ್ಮೋರನ ಸೂತ್ರವನ್ನು ಹಿಡಿದು ಕಾಗದದ ಮೇಲೆ ಕೈಯಿಂದ ಕೂಡಿಸಬೇಕು. ಕೈಲೆಕ್ಕಕ್ಕೂ ಉಪಕರಣದ ಲೆಕ್ಕಕ್ಕೂ ವ್ಯತ್ಯಾಸ ಬಂದೇ ಬರುತ್ತದೆ, ಅದು ಎಲ್ಲಿಂದ ಬಂತೆಂಬುದನ್ನು ವಿದ್ಯಾರ್ಥಿ ಬರೆದು ಒಪ್ಪಿಸಬೇಕು. ಇಷ್ಟಾದ ಮೇಲೆ ಗುವೋ ಅವರ ಯಂತ್ರವನ್ನು ಕರೆದು ಅದೇ ದಾರಿಯ ತುದಿಯಲ್ಲಿ ಅದು ಏನು ಹೇಳುತ್ತದೆಂದು ಕೇಳಬಹುದು. ನಿಡಸೋಸಿಯಿಂದಾಗಲಿ ಗೋಕಾಕದಿಂದಾಗಲಿ ಮೂಡಲಗಿಯಿಂದಾಗಲಿ ಇಂಥ ಎಣಿಕೆಗಳು ಬಂದರೆ, ಅತಿ ಕೆಟ್ಟ ಬಿಡುವಿನ ಅಂಕಿಯನ್ನು ಮೊದಲ ಸಾಲಿನಲ್ಲಿ ಬರೆದಿರಬೇಕೆಂಬ ಒಂದೇ ನಿಬಂಧನೆಯ ಮೇಲೆ, ಬರುವ ವರ್ಷದ ಸಂಚಿಕೆಯಲ್ಲಿ ಅವುಗಳಿಗೆ ಸ್ಥಳವನ್ನು ಕಾದಿರಿಸಿದ್ದೇವೆ.